ಛತ್ತಿನ ಪೈಪು, ನೆಲದ ಸರಕು: ಹಳೆಯ ಗೋದಾಮಿನ ಸ್ಪ್ರಿಂಕ್ಲರ್‌ಗಳನ್ನು ಮರುಪರಿಶೀಲಿಸುವ ಪದ್ಧತಿಯ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

 

ಗಡಿಯಾಚೆಯ ಕನ್ನಡಿಗರ ಮಾತು ಬಂದಾಗ ಶಾಸನ, ಮಠ, ಕನ್ನಡ ಶಾಲೆ, ಮಹಾಜನ ವರದಿ ಇವು ಮೊದಲು ಬರುತ್ತವೆ. ಬರಬೇಕಾದದ್ದೇ. ನಾನು ಇವತ್ತು ಎತ್ತಿಕೊಂಡಿರುವುದು ಗೋದಾಮಿನ ಛತ್ತಿಗೆ ತೂಗುಬಿಟ್ಟ ಕಬ್ಬಿಣದ ಪೈಪು ಮತ್ತು ಅದಕ್ಕೆ ಹಚ್ಚಿದ ಹಿತ್ತಾಳೆಯ ಸ್ಪ್ರಿಂಕ್ಲರ್. ಇದೇನಪ್ಪಾ, ಇತಿಹಾಸದವನು ಪ್ಲಂಬರ್ ಕೆಲಸಕ್ಕೆ ಇಳಿದನೇ ಅಂತ ಯಾರಿಗಾದರೂ ಅನಿಸಬಹುದು. ಸ್ವಲ್ಪ ತಾಳ್ಮೆ ಇರಲಿ.

ಸೊಲ್ಲಾಪುರದ ಕನ್ನಡಿಗರ ಬದುಕು ಒಂದೂವರೆ ಶತಮಾನದಿಂದ ಗಿರಣಿ, ಮಗ್ಗ, ಚಾದರ, ಟವೆಲುಗಳ ಸುತ್ತ ಸುತ್ತಿದೆ. ಆದವಾನಿಯ ಪೇಟೆ ನಿಂತದ್ದು ಹತ್ತಿಯ ಮೇಲೆ. ಹೊಸೂರಿನ ಸುತ್ತ ಇವತ್ತು ಬೆಂಗಳೂರಿಗೆ ಸರಕು ಹೋಗುವ ದೊಡ್ಡ ದೊಡ್ಡ ಶೆಡ್ಡುಗಳಿವೆ. ಮೂರೂ ಕಡೆ ಸರಕು ಎತ್ತಿಳಿಸುವ, ಜೋಡಿಸುವ, ಕಾಯುವ ಕೆಲಸದಲ್ಲಿ ನಮ್ಮವರು ಇದ್ದಾರೆ. ಅವರ ತಲೆಯ ಮೇಲಿರುವ ಪೈಪಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಅದನ್ನು ಹಾಕಿದಾಗ ಕೆಳಗೆ ಇದ್ದ ಸರಕು ಬೇರೆ, ಈಗ ಇರುವ ಸರಕು ಬೇರೆ, ಹಂಗಿದ್ದಮೇಲೆ ಅದು ಈಗಲೂ ಸಾಕಾಗುತ್ತದೆಯೇ? ಉತ್ತರ ಹೇಳಬೇಕಾದವರು ಎಂಜಿನಿಯರರು, ಖರೆ. ಆದರೆ ಯಾವ ಕಾಲದ ನಿಯಮದ ಪ್ರಕಾರ, ಯಾವ ಸರಕನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪೈಪು ಹಾಕಿದರು ಎಂದು ತಿಳಿಯದೆ ಎಂಜಿನಿಯರ್ ಒಂದು ಹೆಜ್ಜೆಯೂ ಇಡಲಾರ. ಅಲ್ಲಿ ನಮ್ಮ ಕೆಲಸ ಶುರುವಾಗುತ್ತದೆ.

1. ಗಿರಣಿಯ ಕೂಸು

ಸ್ಪ್ರಿಂಕ್ಲರ್ ಬೆಳೆದದ್ದು ಹತ್ತಿ ಗಿರಣಿಯ ಮಡಿಲಲ್ಲಿ. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಗಿರಣಿಗಳಲ್ಲಿ ಮರದ ಛತ್ತು, ಎಣ್ಣೆ ಕುಡಿದ ನೆಲ, ಗಾಳಿಯಲ್ಲಿ ಹಾರುವ ಹತ್ತಿಯ ನವಿರು. ಕಿಡಿ ಬಿದ್ದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಳಿಗೆಯೆಲ್ಲ ಬೆಂಕಿ. ಮೊದಲು ಅಲ್ಲಿ ಛತ್ತಿಗೆ ತೂತು ಕೊರೆದ ಪೈಪುಗಳಿದ್ದವು; ಬೆಂಕಿ ಕಂಡಾಗ ಯಾರಾದರೂ ಓಡಿಹೋಗಿ ವಾಲ್ವು ತಿರುವಬೇಕು. ನೀರು ಬೆಂಕಿ ಇರುವಲ್ಲಿಗಷ್ಟೇ ಹೋಗದೆ ಎಲ್ಲ ಕಡೆ ಸುರಿಯುತ್ತಿತ್ತು, ತೂತುಗಳಲ್ಲಿ ನವಿರು ಕಟ್ಟಿಕೊಳ್ಳುತ್ತಿತ್ತು.

1874ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಹೆನ್ರಿ ಪಾರ್ಮಲೀ ತನ್ನ ಪಿಯಾನೊ ಕಾರ್ಖಾನೆಯನ್ನು ಕಾಪಾಡಿಕೊಳ್ಳಲು ಬಿಸಿಗೆ ತಾನೇ ತೆರೆದುಕೊಳ್ಳುವ ತಲೆಯೊಂದನ್ನು ಮಾಡಿದ. ಕಡಿಮೆ ಬಿಸಿಗೆ ಕರಗುವ ಬೆಸುಗೆ ನೀರನ್ನು ತಡೆದು ಹಿಡಿದಿರುತ್ತಿತ್ತು. ಪ್ರಾವಿಡೆನ್ಸ್‌ನ ಫ್ರೆಡರಿಕ್ ಗ್ರಿನೆಲ್ 1880ರ ದಶಕದಲ್ಲಿ ಅದನ್ನು ಇನ್ನಷ್ಟು ಚುರುಕುಗೊಳಿಸಿ ಗಿರಣಿಗಳಿಗೆ ಮುಟ್ಟಿಸಿದ. ಹಿಂದೆ ನಿಂತು ತಳ್ಳಿದವರು ವಿಮೆಯವರು. 1835ರಲ್ಲಿ ರೋಡ್ ಐಲೆಂಡಿನ ಗಿರಣಿ ಮಾಲೀಕ ಜೆಕರಾಯ ಆಲೆನ್ ತನ್ನಂಥ ಮಾಲೀಕರನ್ನು ಕೂಡಿಸಿ ಪರಸ್ಪರ ವಿಮಾ ಕಂಪನಿ ಕಟ್ಟಿದ್ದ. ಬೆಂಕಿಯ ಅಪಾಯ ಕಡಿಮೆ ಮಾಡಿಕೊಂಡವನಿಗೆ ಕಂತು ಕಡಿಮೆ ಎಂಬ ಲೆಕ್ಕ ಅಲ್ಲಿಂದ ಬಂತು. ಅತ್ತ ಇಂಗ್ಲೆಂಡಿನ ಹತ್ತಿ ರಾಜಧಾನಿ ಮ್ಯಾಂಚೆಸ್ಟರ್‌ನಲ್ಲಿ 1885ರಲ್ಲಿ ಜಾನ್ ವರ್ಮಾಲ್ಡ್ ಸ್ಪ್ರಿಂಕ್ಲರ್ ಹಾಕುವ ನಿಯಮಗಳನ್ನು ಬರೆದ. ಮುಂದೆ ಬ್ರಿಟಿಷ್ ವಿಮೆಗಾರರ ಫೈರ್ ಆಫೀಸಸ್ ಕಮಿಟಿಯ ನಿಯಮಗಳು ಸಾಮ್ರಾಜ್ಯದುದ್ದಕ್ಕೂ ಹರಡಿದವು.

ಇದೇ ಹೊತ್ತಿಗೆ, 1877ರಲ್ಲಿ, ಸೊಲ್ಲಾಪುರದಲ್ಲಿ ಮೊರಾರ್ಜಿ ಗೋಕುಲದಾಸರ ಗಿರಣಿ ಎದ್ದಿತು. ನಮ್ಮ ಮಂದಿ ಇವತ್ತಿಗೂ ಅದನ್ನು ಜುನೀ ಮಿಲ್ ಅಂತಲೇ ಕರೆಯುತ್ತಾರೆ. ಮುಂಬಯಿ ಪ್ರಾಂತದ ಗಿರಣಿಗಳಿಗೆ ಯಂತ್ರಗಳು ಬಹುಪಾಲು ಲ್ಯಾಂಕಶೈರ್‌ನಿಂದ ಬಂದವು. ಯಂತ್ರದ ಜೊತೆಗೆ ಅಲ್ಲಿಯ ಕಟ್ಟಡದ ರೂಪ, ಬಾಯ್ಲರ್ ನಿಯಮ, ವಿಮೆಯ ಪದ್ಧತಿ ಎಲ್ಲವೂ ಹಡಗು ಹತ್ತಿ ಬಂದವು. ನಮ್ಮ ದೇಶದ ಸ್ಪ್ರಿಂಕ್ಲರ್ ನಿಯಮಗಳ ಮೂಲ ಹುಡುಕಿದರೆ ದಾರಿ ಮ್ಯಾಂಚೆಸ್ಟರ್‌ಗೆ ಹೋಗುವುದು ಈ ಕಾರಣಕ್ಕೆ.

2. ಪಟ್ಟಿ ನೋಡಿ ಪೈಪು ಹಾಕಿದ ಕಾಲ

1895ರಲ್ಲಿ ಬಾಸ್ಟನ್ನಿನಲ್ಲಿ ಕೆಲವರು ಸೇರಿದರು. ಆ ಊರಿನ ಸುತ್ತ ನೂರು ಮೈಲಿಯೊಳಗೆ ಪೈಪಿನ ಅಳತೆಗೂ ಸ್ಪ್ರಿಂಕ್ಲರ್‌ಗಳ ನಡುವಿನ ಅಂತರಕ್ಕೂ ಒಂಬತ್ತು ಬೇರೆ ಬೇರೆ ನಿಯಮಗಳಿದ್ದವು. ಕೆಲಸಗಾರನಿಗೆ ತಲೆ ಕೆಡುತ್ತಿತ್ತು. ಆ ಗೊಂದಲ ಬಿಡಿಸಲು ಹೊರಟು 1896ರಲ್ಲಿ ಹುಟ್ಟಿದ್ದು ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್, ಅಂದರೆ ಎನ್‌ಎಫ್‌ಪಿಎ. ಅದರ 13ನೆಯ ಸಂಖ್ಯೆಯ ನಿಯಮಾವಳಿ ಇವತ್ತಿಗೂ ಸ್ಪ್ರಿಂಕ್ಲರ್ ಲೋಕದ ಮೂಲಗ್ರಂಥ.

ಆ ಕಾಲದ ಪದ್ಧತಿ ಸರಳ. ಒಂದು ಪಟ್ಟಿ ಇರುತ್ತದೆ. ಒಂದು ಇಂಚಿನ ಪೈಪಿಗೆ 2 ಸ್ಪ್ರಿಂಕ್ಲರ್, ಒಂದೂಕಾಲು ಇಂಚಿಗೆ 3, ಒಂದೂವರೆಗೆ 5, ಎರಡು ಇಂಚಿಗೆ 10, ಎರಡೂವರೆಗೆ 20, ಮೂರು ಇಂಚಿಗೆ 40. ಸಾಧಾರಣ ಅಪಾಯದ ಕಟ್ಟಡಕ್ಕೆ ಬಹುಕಾಲ ನಡೆದ ಪಟ್ಟಿ ಇದು. ಲೆಕ್ಕ ಹಾಕುವ ಗೊಡವೆ ಇಲ್ಲ. ಪಟ್ಟಿ ನೋಡು, ಪೈಪು ಕತ್ತರಿಸು, ತಿರುಪು ಹಚ್ಚು. ಗಿರಣಿಯ ಒಂದು ಮಾಳಿಗೆ, ಅಲ್ಲಿ ಸಾಲಾಗಿ ಯಂತ್ರಗಳು, ಸರಕು ಆಳೆತ್ತರ ಮೀರದು. ಇಷ್ಟಕ್ಕೆ ಆ ಪಟ್ಟಿ ಧಾರಾಳವಾಗಿ ಸಾಕಾಗಿತ್ತು.

ಇನ್ನೊಂದು ಸಂಗತಿ ಗಮನಿಸಬೇಕು. ಆಗಿನ ಸ್ಪ್ರಿಂಕ್ಲರ್ ಸುಮಾರು ಅರ್ಧದಷ್ಟು ನೀರನ್ನು ಮೇಲಕ್ಕೆ, ಛತ್ತಿಗೆ ಎರಚುತ್ತಿತ್ತು. ಛತ್ತು ಮರದ್ದಾದ್ದರಿಂದ ಅದನ್ನು ತೋಯಿಸುವುದೂ ಅಷ್ಟೇ ಮುಖ್ಯವಾಗಿತ್ತು. 1950ರ ದಶಕದಲ್ಲಿ ನೀರನ್ನೆಲ್ಲ ಕೆಳಮುಖವಾಗಿ ಛತ್ರಿಯಂತೆ ಹರಡುವ ಹೊಸ ತಲೆ ಬಂತು. ಹೀಗಾಗಿ ಸ್ಪ್ರಿಂಕ್ಲರಿನ ತಟ್ಟೆಯ ಆಕಾರ ಮತ್ತು ಮೈಮೇಲೆ ಒತ್ತಿದ ವರ್ಷ ನಮಗೆ ಶಾಸನದ ಲಿಪಿಯಿದ್ದ ಹಾಗೆ. ಲಿಪಿ ನೋಡಿ ಕಾಲ ಹೇಳುವ ನಮ್ಮ ಪದ್ಧತಿ ಇಲ್ಲಿಯೂ ನಡೆಯುತ್ತದೆ.

3. ಸರಕು ಮೇಲೇರಿತು, ಗುಣವೂ ಬದಲಾಯಿತು

ಎರಡನೆಯ ಮಹಾಯುದ್ಧದ ನಂತರ ಗೋದಾಮಿನೊಳಗೆ ಮೂರು ಹೊಸ ವಸ್ತು ಬಂದವು: ಫೋರ್ಕ್‌ಲಿಫ್ಟ್, ಪ್ಯಾಲೆಟ್, ರ್ಯಾಕ್. ಹಮಾಲನ ಬೆನ್ನು ಎಷ್ಟು ಎತ್ತಬಲ್ಲದೋ ಅಷ್ಟೇ ಇದ್ದ ಥಪ್ಪಿಯ ಎತ್ತರ ಒಮ್ಮೆಲೇ ಎರಡು ಪಟ್ಟು, ಮೂರು ಪಟ್ಟು ಆಯಿತು. ನಾಲ್ಕನೆಯದಾಗಿ ಪ್ಲಾಸ್ಟಿಕ್ ಬಂತು.

ಒಂದು ಕಿಲೊ ಹತ್ತಿ ಪೂರ್ತಿ ಉರಿದರೆ ಸುಮಾರು 17 ಮೆಗಾಜೂಲ್ ಶಾಖ ಬಿಡುತ್ತದೆ. ಒಂದು ಕಿಲೊ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ 43ಕ್ಕಿಂತ ಹೆಚ್ಚು ಬಿಡುತ್ತದೆ. ತೂಕ ಅದೇ, ಬೆಂಕಿ ಎರಡೂವರೆ ಪಟ್ಟು. ಸಾಲದ್ದಕ್ಕೆ ಪ್ಲಾಸ್ಟಿಕ್ ಕರಗಿ ಹರಿದು ಕೆಳಗೆ ಕೊಳದಂತೆ ನಿಂತು ಉರಿಯುತ್ತದೆ. ರ್ಯಾಕಿನಲ್ಲಿ ಸರಕಿನ ನಡುವೆ ಬಿಟ್ಟ ಸಂದುಗಳು ಒಲೆಯ ಚಿಮಣಿಯಂತೆ ಕೆಲಸ ಮಾಡಿ ಉರಿಯನ್ನು ಮೇಲಕ್ಕೆ ಎಳೆಯುತ್ತವೆ. ಆ ಸಂದುಗಳನ್ನು ಮುಚ್ಚೋಣವೆಂದರೆ ಮೇಲಿನ ನೀರು ಕೆಳಗೆ ಇಳಿಯುವುದಿಲ್ಲ. ಅದಕ್ಕೇ ನಿಯಮಗಳು ಸಂದು ಬಿಡಬೇಕೆಂದೇ ಹೇಳುತ್ತವೆ, ಮೇಲಿನ ನೀರಿನ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸುತ್ತವೆ.

1960ರ ದಶಕದ ಕೊನೆಗೆ ಅಮೆರಿಕದ ವಿಮಾ ಸಂಸ್ಥೆಗಳು ನಿಜಗಾತ್ರದ ರ್ಯಾಕುಗಳನ್ನು ಕಟ್ಟಿ, ಸರಕು ತುಂಬಿ, ಬೆಂಕಿ ಹಚ್ಚಿ ನೋಡತೊಡಗಿದವು. ಆ ಪ್ರಯೋಗಗಳ ಫಲವಾಗಿ 1970ರ ದಶಕದ ಆರಂಭದಲ್ಲಿ ರ್ಯಾಕ್ ಸಂಗ್ರಹಕ್ಕೇ ಬೇರೆ ನಿಯಮಾವಳಿ ಬಂತು. 1999ರಲ್ಲಿ ಅದನ್ನು 13ನೆಯ ನಿಯಮಾವಳಿಯೊಳಗೆ ಸೇರಿಸಿದರು. ಪೈಪಿನ ಪಟ್ಟಿಯ ಜಾಗದಲ್ಲಿ ಜಲಲೆಕ್ಕ ಬಂತು: ಇಂಥ ಸರಕಿಗೆ, ಇಷ್ಟು ಎತ್ತರಕ್ಕೆ, ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ ಇಷ್ಟು ನೀರು, ಇಷ್ಟು ವಿಸ್ತೀರ್ಣದ ಮೇಲೆ ಏಕಕಾಲಕ್ಕೆ ಬೀಳಬೇಕು. ಸರಕನ್ನು ಒಂದರಿಂದ ನಾಲ್ಕನೆಯ ವರ್ಗದವರೆಗೆ ವಿಂಗಡಿಸಿ, ಪ್ಲಾಸ್ಟಿಕ್ಕಿಗೆ ಎ, ಬಿ, ಸಿ ಎಂಬ ಗುಂಪು ಮಾಡಿದರು. ಹತ್ತಿ ಬಟ್ಟೆ ಮೂರನೆಯ ವರ್ಗಕ್ಕೆ ಬೀಳುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್, ಥರ್ಮೊಕೋಲ್ ಎ ಗುಂಪಿಗೆ, ಅಂದರೆ ಎಲ್ಲಕ್ಕಿಂತ ಕಠಿಣವಾದದ್ದಕ್ಕೆ. ಸರಕು ಅದೇ ಇದ್ದು ಅಡಿಯ ಮರದ ಪ್ಯಾಲೆಟ್ ತೆಗೆದು ಪ್ಲಾಸ್ಟಿಕ್ಕಿನದು ಹಾಕಿದರೂ ವರ್ಗ ಒಂದು ಮೆಟ್ಟಿಲು ಏರುತ್ತದೆ. ಬಲಪಡಿಸಿದ ಪ್ಲಾಸ್ಟಿಕ್ಕಾದರೆ ಎರಡು ಮೆಟ್ಟಿಲು.

4. ಪಾಠ ಕಲಿಸಿದ ಬೆಂಕಿಗಳು

1982ರ ಜೂನ್ 21ರಂದು ಪೆನ್ಸಿಲ್ವೇನಿಯದ ಫಾಲ್ಸ್ ಟೌನ್‌ಶಿಪ್ಪಿನಲ್ಲಿ ಕೆ-ಮಾರ್ಟ್ ಕಂಪನಿಯ ವಿತರಣಾ ಗೋದಾಮು ಸುಟ್ಟುಹೋಯಿತು. ಸುಮಾರು 12 ಲಕ್ಷ ಚದರ ಅಡಿಯ ಕಟ್ಟಡ. ಸ್ಪ್ರಿಂಕ್ಲರ್ ಇತ್ತು, ಒಳಗೆ ಬೆಂಕಿ ತಡೆಯುವ ಗೋಡೆಗಳೂ ಇದ್ದವು. ನಷ್ಟ 10 ಕೋಟಿ ಡಾಲರ್ ದಾಟಿತು. ಕಾರಣ, ಉರಿಯುವ ದ್ರವ ತುಂಬಿದ ಏರೊಸಾಲ್ ಡಬ್ಬಿಗಳು. ಬಿಸಿಗೆ ಸಿಡಿದ ಡಬ್ಬಿಗಳು ಬಾಣದಂತೆ ಹಾರಿ, ಬೆಂಕಿಯನ್ನು ಬಾಲಕ್ಕೆ ಕಟ್ಟಿಕೊಂಡು ಗೋಡೆಯ ಬಾಗಿಲುಗಳ ಮೂಲಕ ಆಚೆಗೂ ದಾಟಿದವು. ಲಂಕೆಗೆ ಹನುಮಂತ ಹೋದ ಹಾಗೆ ಅನ್ನಿ. ಸ್ಪ್ರಿಂಕ್ಲರ್ ಕೆಟ್ಟಿರಲಿಲ್ಲ, ನೀರೂ ಬಂತು. ಸಾಮಾನ್ಯ ಸರಕಿಗೆಂದು ಹಾಕಿದ ವ್ಯವಸ್ಥೆಯ ಕೆಳಗೆ ಅದಕ್ಕೆ ಮೀರಿದ ಸರಕು ಬಂದು ಕೂತಿತ್ತು.

ಐದು ವರ್ಷದ ನಂತರ, 1987ರ ಮೇ 27ರಂದು, ಒಹಾಯೊದ ಡೇಟನ್‌ನಲ್ಲಿ ಶೆರ್ವಿನ್-ವಿಲಿಯಮ್ಸ್ ಕಂಪನಿಯ ಬಣ್ಣದ ಗೋದಾಮು ಇದೇ ದಾರಿ ಹಿಡಿಯಿತು. ಅಲ್ಲಿ ಇನ್ನೊಂದು ಸಂಕಟ: ಕಟ್ಟಡದ ಕೆಳಗೆ ಊರಿಗೆ ಕುಡಿಯುವ ನೀರು ಕೊಡುವ ಅಂತರ್ಜಲ. ಬೆಂಕಿಗೆ ಸುರಿದ ನೀರು ರಾಸಾಯನಿಕ ಹೊತ್ತು ಕೆಳಗಿಳಿದರೆ ಊರ ನೀರೇ ಕೆಡುತ್ತದೆಂದು ತಿಳಿದು, ಉರಿಯಲು ಬಿಟ್ಟರು.

ಈ ಬೆಂಕಿಗಳ ನಂತರ ಏರೊಸಾಲ್‌ಗಳಿಗೆ ಬೇರೆ ನಿಯಮ, ತಂತಿಬಲೆಯ ಪ್ರತ್ಯೇಕ ಕೋಣೆ ಬಂದವು. 1980ರ ದಶಕದ ಕೊನೆಗೆ ಬೇಗ ತೆರೆದು ದೊಡ್ಡ ಹನಿಯನ್ನು ರಭಸದಿಂದ ಕೆಳಕ್ಕೆ ದೂಡಿ, ಬೆಂಕಿ ಬೆಳೆಯುವ ಮೊದಲೇ ಅಡಗಿಸುವ ಸ್ಪ್ರಿಂಕ್ಲರ್ ಬಂತು. ಇಎಸ್‌ಎಫ್‌ಆರ್ ಅಂತ ಅದರ ಹೆಸರು. ಇವತ್ತಿನ ಎತ್ತರದ ಗೋದಾಮುಗಳ ಬಹುಪಾಲು ಅದನ್ನೇ ನೆಚ್ಚಿಕೊಂಡಿವೆ.

5. ನಮ್ಮ ದೇಶದ ನಿಯಮಗಳ ಹಾದಿ

ಭಾರತದಲ್ಲಿ ಬಹುಕಾಲ ಸ್ಪ್ರಿಂಕ್ಲರಿನ ಯಜಮಾನಿಕೆ ವಿಮೆಯವರ ಕೈಯಲ್ಲಿತ್ತು. ಟ್ಯಾರಿಫ್ ಅಡ್ವೈಸರಿ ಕಮಿಟಿ ಎಂಬ ಸಂಸ್ಥೆ ಕಂತಿನ ದರವನ್ನೂ ಸ್ಪ್ರಿಂಕ್ಲರ್ ಹಾಕುವ ನಿಯಮವನ್ನೂ ನಿಗದಿ ಮಾಡುತ್ತಿತ್ತು. ಆ ನಿಯಮದಂತೆ ಹಾಕಿದವನಿಗೆ ಕಂತಿನಲ್ಲಿ ರಿಯಾಯಿತಿ. ಅವರ ನಿಯಮಗಳಲ್ಲಿ ಬ್ರಿಟಿಷ್ ಫೈರ್ ಆಫೀಸಸ್ ಕಮಿಟಿಯ ನೆರಳು ಸ್ಪಷ್ಟ. 2002ರಲ್ಲಿ ಭಾರತೀಯ ಮಾನಕ ಬ್ಯೂರೊ ಐಎಸ್ 15105 ಎಂಬ ಮಾನಕ ತಂದಿತು. 2007ರ ಜನವರಿ 1ರಿಂದ ಬೆಂಕಿ ವಿಮೆಯ ನಿಗದಿತ ದರಪಟ್ಟಿ ರದ್ದಾಯಿತು. ಕಂತು ಮಾರುಕಟ್ಟೆಯ ಚೌಕಾಶಿಗೆ ಬಿತ್ತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಅಗ್ನಿ ಸುರಕ್ಷೆಗೆ ಮೀಸಲು. ಅದರಲ್ಲಿ ಕಾರ್ಖಾನೆ ಜಿ ಗುಂಪು, ಗೋದಾಮು ಎಚ್ ಗುಂಪು, ಅಪಾಯಕಾರಿ ಸರಕಿನ ಕಟ್ಟಡ ಜೆ ಗುಂಪು.

ಸಂಹಿತೆ ದಿಲ್ಲಿಯದಾದರೂ ಅಧಿಕಾರ ರಾಜ್ಯದ್ದು. ನಮ್ಮ ಗೋಷ್ಠಿಯ ಸೀಮೆಗೆ ಇದು ತಟ್ಟುವ ಬಗೆ ನೋಡ್ರಿ. ಸೊಲ್ಲಾಪುರ, ಅಕ್ಕಲಕೋಟ, ಜತ್ತದವರಿಗೆ ಮಹಾರಾಷ್ಟ್ರದ 2006ರ ಕಾನೂನು. ಅದರಂತೆ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಪರವಾನಗಿ ಪಡೆದ ಸಂಸ್ಥೆಯಿಂದ ಅಗ್ನಿವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ ಸಲ್ಲಿಸಬೇಕು. ಹೊಸೂರು, ತಾಳವಾಡಿಗೆ ತಮಿಳುನಾಡಿನ 1985ರ ಕಾನೂನು. ಆದವಾನಿ, ರಾಯದುರ್ಗ, ಮಡಕಶಿರಕ್ಕೆ ಆಂಧ್ರದ 1999ರ ಕಾನೂನು. ಒಂದೇ ಭಾಷೆಯ ಮಂದಿ, ಮೂರು ಕಚೇರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎನ್ನುವುದು ಬೇರೆ, ಈಗಿನ ಸರಕಿಗೆ ಅದು ಸಾಕು ಎನ್ನುವುದು ಬೇರೆ. ಪಂಪು ಓಡುತ್ತದೆ, ವಾಲ್ವು ತೆರೆದಿದೆ, ಗೇಜು ಒತ್ತಡ ತೋರಿಸುತ್ತದೆ: ಮೂರಕ್ಕೂ ಟಿಕ್ ಹಾಕಬಹುದು. ಕೆ-ಮಾರ್ಟಿನಲ್ಲೂ ಹಾಕಬಹುದಿತ್ತು. ಎರಡನೆಯ ಪ್ರಶ್ನೆಯನ್ನು ಯಾರೋ ಒಬ್ಬರು ಬೇಕೆಂದೇ ಕೇಳಬೇಕಾಗುತ್ತದೆ.

6. ಮರುಪರಿಶೀಲನೆಯ ಕ್ರಮ

ಈ ಕೆಲಸದಲ್ಲಿ ಪಳಗಿದವರು ಅನುಸರಿಸುವ ಕ್ರಮವನ್ನು ಓದಿ ತಿಳಿದಷ್ಟು ಹೇಳುತ್ತೇನೆ. ನಾವು ಕೈಬರಹದ ಪ್ರತಿಯೊಂದನ್ನು ಪರಿಶೀಲಿಸುವ ಕ್ರಮಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇದೆ.

ಮೊದಲು ಕೆಳಗಿನ ಸರಕು. ಅದು ಏನು, ಹೇಗೆ ಕಟ್ಟಿದ್ದಾರೆ, ರಟ್ಟಿನ ಪೆಟ್ಟಿಗೆಯೊಳಗೋ ಬಯಲಿಗೋ, ಪ್ಯಾಲೆಟ್ ಯಾವುದರದು, ಥಪ್ಪಿಯೋ ರ್ಯಾಕೋ, ಎತ್ತರ ಎಷ್ಟು. ಸಾಮಾನ್ಯವಾಗಿ 12 ಅಡಿ ಒಂದು ಗೆರೆ. ಅದಕ್ಕಿಂತ ಮೇಲೆ ಹೋದರೆ ಎತ್ತರದ ಸಂಗ್ರಹವೆಂದು ಬೇರೆ ಲೆಕ್ಕ. ಎ ಗುಂಪಿನ ಪ್ಲಾಸ್ಟಿಕ್ಕಿಗೆ ಆ ಗೆರೆ ಐದೇ ಅಡಿಗೆ ಬರುತ್ತದೆ. ಸರಕಿನ ತುದಿಗೂ ಸ್ಪ್ರಿಂಕ್ಲರಿಗೂ ನಡುವೆ ಸಾಮಾನ್ಯ ತಲೆಗಾದರೆ ಕನಿಷ್ಠ 18 ಇಂಚು, ಇಎಸ್‌ಎಫ್‌ಆರ್ ತಲೆಗಾದರೆ 36 ಇಂಚು ಖಾಲಿ ಇರಬೇಕು. ಖಾಲಿ ಪ್ಯಾಲೆಟ್‌ಗಳನ್ನು ಒಂದು ಮೂಲೆಗೆ ಒಟ್ಟಿರುತ್ತಾರಲ್ಲ, ಅದನ್ನು ಯಾರೂ ಸರಕೆಂದು ಎಣಿಸುವುದಿಲ್ಲ. ಒಣ ಮರ, ನಡುನಡುವೆ ಗಾಳಿ: ಒಟ್ಟಿದ ಕಟ್ಟಿಗೆಯ ಒಲೆ ಅದು.

ಎರಡನೆಯದು ಮೇಲಿನ ಪೈಪು. ಮೂಲ ನಕ್ಷೆ ಇದೆಯೇ? ಮುಖ್ಯ ವಾಲ್ವಿನ ಹತ್ತಿರ ಲೆಕ್ಕದ ಫಲಕ ತೂಗುಹಾಕಿದ್ದಾರೆಯೇ? ಫಲಕವಿದ್ದರೆ ಎಷ್ಟು ನೀರು, ಎಷ್ಟು ಒತ್ತಡ, ಎಷ್ಟು ವಿಸ್ತೀರ್ಣ ಎಂದು ಅದೇ ಹೇಳುತ್ತದೆ. ಇಲ್ಲದಿದ್ದರೆ ಪೈಪಿನ ವ್ಯಾಸ ಅಳೆದು, ತಲೆಗಳನ್ನು ಎಣಿಸಿ, ಪಟ್ಟಿಯ ಕಾಲದ್ದೋ ಲೆಕ್ಕದ ಕಾಲದ್ದೋ ಎಂದು ಗುರುತಿಸಬೇಕು. ತಲೆಯ ಮೇಲಿನ ವರ್ಷ ಓದಬೇಕು. ಅಮೆರಿಕದ ನಿಯಮದಂತೆ 1920ಕ್ಕಿಂತ ಹಿಂದಿನ ತಲೆಗಳನ್ನು ಬದಲಿಸಲೇಬೇಕು. ಸಾಮಾನ್ಯ ತಲೆಗಳಿಗೆ 50 ವರ್ಷ ತುಂಬಿದರೆ ಬದಲಿಸಬೇಕು, ಇಲ್ಲವೇ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳಿಸಬೇಕು.

ಮೂರನೆಯದು ನೀರು. ತೊಟ್ಟಿ ಎಷ್ಟು ದೊಡ್ಡದು, ಪಂಪು ಈಗ ನಿಜವಾಗಿ ಎಷ್ಟು ಕೊಡುತ್ತದೆ ಎಂದು ಹರಿಸಿ ಅಳೆಯಬೇಕು. ಪಂಪಿನ ಮೇಲೆ ಬರೆದದ್ದು ಹೊಸದಿದ್ದಾಗಿನ ಮಾತು. ಗಡಸು ನೀರು ನಿಂತ ಹಳೆ ಪೈಪಿನೊಳಗೆ ಹಕ್ಕಳೆ ಕಟ್ಟಿ ದಾರಿ ಕಿರಿದಾಗಿರುತ್ತದೆ, ಅದನ್ನೂ ಬಿಚ್ಚಿ ನೋಡಬೇಕು.

ಕೊನೆಗೆ ಮೂರನ್ನೂ ಒಂದರ ಪಕ್ಕ ಒಂದಿಟ್ಟು ತಾಳೆ ನೋಡಬೇಕು. ಇಲ್ಲಿ ಒಂದು ಲೆಕ್ಕ ತೋರಿಸುತ್ತೇನೆ, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ.

ಸ್ಪ್ರಿಂಕ್ಲರಿನಿಂದ ಬರುವ ನೀರು ಒತ್ತಡದ ವರ್ಗಮೂಲದ ಜೊತೆ ಬೆಳೆಯುತ್ತದೆ. ಅರ್ಧ ಇಂಚಿನ ಬಾಯಿಯ ಹಳೆಯ ತಲೆಯ ಗುಣಾಂಕ 80. ಅಂದರೆ 1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್. ಒಂದು ತಲೆ 12 ಚದರ ಮೀಟರ್ ಕಾಯುತ್ತದೆ ಅನ್ನೋಣ. ಸಾಧಾರಣ ಅಪಾಯಕ್ಕೆಂದು ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರ್ ಬೇಕಾದರೆ, ಒಂದು ತಲೆಗೆ 60 ಲೀಟರ್, ಅದಕ್ಕೆ 0.56 ಬಾರ್ ಒತ್ತಡ ಸಾಕು. ಈಗ ಸರಕು ಬದಲಾಗಿ 12 ಲೀಟರ್ ಬೇಕಾಯಿತು ಎನ್ನಿ. ಒಂದು ತಲೆಗೆ 144 ಲೀಟರ್. ಬೇಕಾದ ಒತ್ತಡ 3.24 ಬಾರ್. ನೀರು ಎರಡೂ ಚಿಲ್ಲರೆ ಪಟ್ಟು ಆದರೆ ಒತ್ತಡ ಆರು ಪಟ್ಟಿನ ಹತ್ತಿರ ಬಂತು. ಅದೇ ಪೈಪಿನಲ್ಲಿ ಹರಿಯುವಾಗ ಘರ್ಷಣೆಯಿಂದ ಕಳೆದುಹೋಗುವ ಒತ್ತಡವೂ ಸುಮಾರು ಐದು ಪಟ್ಟು. ತೊಟ್ಟಿಯ ಲೆಕ್ಕ ನೋಡಿ: 5 ಲೀಟರಿನಂತೆ 200 ಚದರ ಮೀಟರಿಗೆ ಒಂದು ಗಂಟೆ ಸುರಿಯಲು 60,000 ಲೀಟರ್ ಬೇಕು. 12 ಲೀಟರಿನಂತೆ 260 ಚದರ ಮೀಟರಿಗೆ ಒಂದೂವರೆ ಗಂಟೆ ಸುರಿಯಲು 2,80,800 ಲೀಟರ್ ಬೇಕು.

ನಮ್ಮ ರೈತರಿಗೆ ಇದನ್ನು ವಿವರಿಸುವುದೇ ಬೇಡ. ಒಂದು ಮೋಟಾರಿಗೆ ನಾಲ್ಕು ಜೆಟ್ ಹಚ್ಚಿದ್ದಲ್ಲಿ ಎಂಟು ಹಚ್ಚಿದ್ರ ಕಡೀ ಜೆಟ್ ತಿರುಗೂದಿಲ್ಲ, ಬರೇ ತೊಟ್ಟಿಕ್ಕತೈತಿ. ಗೋದಾಮಿನಲ್ಲಿ ಆಗುವುದೂ ಅದೇ. ಮೊದಲ ಕೆಲವು ತಲೆಗಳು ಬೆಂಕಿಯನ್ನು ಹಿಡಿಯಲಾರದೆ ಹೋದರೆ ಬಿಸಿ ಹರಡಿ ಇನ್ನಷ್ಟು ತಲೆಗಳು ತೆರೆಯುತ್ತವೆ. ಒತ್ತಡ ಹಂಚಿಹೋಗಿ ಎಲ್ಲೆಡೆ ನೀರು, ಎಲ್ಲೂ ಸಾಲದ ನೀರು ಆಗುತ್ತದೆ.

7. ಮೂರು ಊರು, ಮೂರು ಬದಲಾವಣೆ

ಸೊಲ್ಲಾಪುರದ ದೊಡ್ಡ ಗಿರಣಿಗಳ ಕಾಲ ಮುಗಿದು ಪವರ್‌ಲೂಮಿನ ಸಣ್ಣ ಸಣ್ಣ ಘಟಕಗಳ ಕಾಲ ಬಂತು. ಹಿಂದೆ ಹತ್ತಿ ನೂಲು, ಹತ್ತಿ ಬಟ್ಟೆ, ಗೋಣಿಯ ಕಟ್ಟು. ಈಗ ಟವೆಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ, ಮೇಲೆ ಮತ್ತೆ ಪ್ಲಾಸ್ಟಿಕ್ ಸುತ್ತುತ್ತಾರೆ. ಲೆಕ್ಕಪುಸ್ತಕದಲ್ಲಿ ಸರಕಿನ ಹೆಸರು ಟವೆಲು ಅಂತಲೇ ಇದೆ. ಬೆಂಕಿ ಮಾತ್ರ ಹೆಸರು ಓದುವುದಿಲ್ಲ. 2025ರ ಮೇ ತಿಂಗಳಲ್ಲಿ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 8 ಮಂದಿ ಸತ್ತರು. ನನ್ನ ಇವತ್ತಿನ ವಿಷಯವನ್ನು ಆ ದುರಂತಕ್ಕೆ ಕಾರಣವೆಂದು ಅಂಟಿಸುವುದಿಲ್ಲ. ಆದರೆ ಇದು ಪುಸ್ತಕದ ಚರ್ಚೆಯಷ್ಟೇ ಅಲ್ಲ ಎಂಬುದಕ್ಕೆ ಆ 8 ಜೀವ ಸಾಕು.

ಆದವಾನಿಯಲ್ಲಿ ಸರಕು ಬದಲಾಗಲಿಲ್ಲ, ಕಟ್ಟುವ ಬಗೆ ಬದಲಾಯಿತು. ಸಡಿಲ ಅಂಡಿಗೆಯ ಹತ್ತಿಗೂ 170 ಕಿಲೊದ ಒತ್ತಿದ ಬೇಲಿಗೂ ಬೆಂಕಿಯ ನಡೆ ಬೇರೆ. ಸಡಿಲ ಹತ್ತಿ ಮೇಲ್ಮೈಯಲ್ಲಿ ಸರ್ರನೆ ಉರಿಯುತ್ತದೆ. ಒತ್ತಿದ ಬೇಲು ಹೊರಗೆ ಆರಿದಂತೆ ಕಂಡರೂ ಒಳಗೆ ದಿನಗಟ್ಟಲೆ ಕುಮುಲುತ್ತದೆ. ಜಿನ್ನಿಂಗ್‌ನಲ್ಲಿ ಹುಟ್ಟಿದ ಕಿಡಿ ಬೇಲಿನ ಹೊಟ್ಟೆಯಲ್ಲಿ ಕೂತು ಗೋದಾಮಿನವರೆಗೆ ಬರುವುದುಂಟು. ಕಟ್ಟಿನ ಪಟ್ಟಿ ಸುಟ್ಟು ಹರಿದರೆ ಬೇಲು ಹಿಗ್ಗಿ ಥಪ್ಪಿ ಉರುಳುತ್ತದೆ. ಸ್ಪ್ರಿಂಕ್ಲರ್ ಇಲ್ಲಿ ಬೆಂಕಿಯನ್ನು ಹಿಡಿದು ನಿಲ್ಲಿಸಬಲ್ಲದು, ಆರಿಸಿ ಮುಗಿಸುವುದು ಬೇಲು ಬಿಚ್ಚುವ ಕೈಗಳ ಕೆಲಸ.

ಹೊಸೂರಿನದು ಮೂರನೆಯ ಬಗೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುವ ಅಗತ್ಯ ಕಡಿಮೆಯಾಗಿ, ಹೆದ್ದಾರಿಯ ಪಕ್ಕ ದೊಡ್ಡ ಗೋದಾಮುಗಳತ್ತ ಕಂಪನಿಗಳು ಹೊರಳಿದವು. ಬಾಡಿಗೆಯ ಗೋದಾಮಿನಲ್ಲಿ ಇವತ್ತು ಬಿಸ್ಕತ್ತು, ನಾಳೆ ಟೈರು, ನಾಡಿದ್ದು ಸುಗಂಧದ ಡಬ್ಬಿ. ಕಟ್ಟಡದ ಮಾಲೀಕ ಒಬ್ಬ, ಬಾಡಿಗೆದಾರ ಒಬ್ಬ, ಸರಕಿನ ಒಡೆಯ ಮತ್ತೊಬ್ಬ. ಸರಕು ಬದಲಾದದ್ದನ್ನು ಯಾರು ಯಾರಿಗೆ ಹೇಳಬೇಕು?

ಮೂರೂ ಕಡೆ ಬದಲಾವಣೆಯನ್ನು ಮೊದಲು ಕಾಣುವವನು ಹಮಾಲ. ಈ ಸಲದ ಪೆಟ್ಟಿಗೆ ಹಗುರ, ಒಳಗೆ ಥರ್ಮೊಕೋಲ್ ಐತಿ ಅಂತ ಅವನ ಬೆನ್ನಿಗೆ ಗೊತ್ತಾಗುತ್ತದೆ. ಮೇಲಿನ ಥಪ್ಪಿ ಪೈಪಿಗೆ ತಾಗಿದ್ದನ್ನು ಅವನೇ ನೋಡುತ್ತಾನೆ. ಆದರೆ ಪಂಪ್ ಮನೆಯ ಫಲಕ ಇಂಗ್ಲಿಷಿನದು, ಕಚೇರಿಯ ಅರ್ಜಿ ಆಯಾ ರಾಜ್ಯಭಾಷೆಯದು, ಅವನ ಮಾತು ಕನ್ನಡ. ಅವನನ್ನು ಕೇಳುವ ಪದ್ಧತಿಯೇ ಇಲ್ಲ. ನಿಯಮಾವಳಿಗಳ ನೂರು ವರ್ಷದ ಚರಿತ್ರೆಯಲ್ಲಿ ವಿಮೆಗಾರ ಇದ್ದಾನೆ, ಎಂಜಿನಿಯರ್ ಇದ್ದಾನೆ, ಮಾಲೀಕ ಇದ್ದಾನೆ. ಸರಕು ಜೋಡಿಸುವವನಿಗೆ ಜಾಗವಿಲ್ಲ. ಗಡಿನಾಡಿನ ಕಾರ್ಮಿಕರ ಚರಿತ್ರೆ ಬರೆಯುವ ನಾವು ಈ ಕೊರತೆಯನ್ನು ಗುರುತಿಸಬೇಕು.

ಚರ್ಚೆಯಿಂದ

ಪ್ರಶ್ನೆ: ಒಂದು ಕಡೆ ಬೆಂಕಿ ಬಿದ್ರ ಎಲ್ಲಾ ಸ್ಪ್ರಿಂಕ್ಲರೂ ಒಮ್ಮೆಲೇ ಶುರುವಾಗಿ ಸರಕೆಲ್ಲ ತೋಯ್ದು ಹೋಗೂದಿಲ್ಲೇನ್ರೀ? ವ್ಯಾಪಾರಿಗಳು ಬೇಡ ಅನ್ನೋದು ಅದಕ್ಕೇ.

ಉತ್ತರ: ಅದು ಸಿನಿಮಾದ ಸ್ಪ್ರಿಂಕ್ಲರ್, ರೀ. ಗೋದಾಮಿನ ಸಾಮಾನ್ಯ ವ್ಯವಸ್ಥೆಯಲ್ಲಿ ಪ್ರತಿ ತಲೆಗೂ ತನ್ನದೇ ಗಾಜಿನ ಬುರುಡೆ ಅಥವಾ ಬೆಸುಗೆ ಇರುತ್ತದೆ. ಕೆಂಪು ದ್ರವದ ಬುರುಡೆಯಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಬಿಸಿ ಮುಟ್ಟಿದ ತಲೆ ಮಾತ್ರ ತೆರೆಯುತ್ತದೆ. ವ್ಯವಸ್ಥೆ ಸರಕಿಗೆ ತಕ್ಕಂತೆ ಇದ್ದರೆ ಕೆಲವೇ ತಲೆಗಳಲ್ಲಿ ಕೆಲಸ ಮುಗಿಯುತ್ತದೆ. ತಕ್ಕಂತೆ ಇಲ್ಲದಿದ್ದಾಗಲೇ ಒಂದರ ಮೇಲೊಂದು ತೆರೆಯುತ್ತ ಹೋಗುವುದು.

ಪ್ರಶ್ನೆ: ಹಳೆಯದು ಸಾಲದು ಎಂದು ಗೊತ್ತಾದರೆ ಎಲ್ಲ ಕಿತ್ತು ಹಾಕಬೇಕೆ? ಸಣ್ಣ ಘಟಕದವರಿಗೆ ಆ ಖರ್ಚು ಸಾಧ್ಯವೇ?

ಉತ್ತರ: ಬೇಕಾಗಿಲ್ಲ. ಅಗ್ಗದ ದಾರಿ ಮೊದಲು ನೋಡಬೇಕು. ಥಪ್ಪಿಯ ಎತ್ತರ ಇಳಿಸುವುದು, ಪ್ಲಾಸ್ಟಿಕ್ ಪ್ಯಾಲೆಟ್ ಬಿಟ್ಟು ಮರದ್ದಕ್ಕೆ ಮರಳುವುದು, ಖಾಲಿ ಪ್ಯಾಲೆಟ್ ಹೊರಗಿಡುವುದು, ಏರೊಸಾಲ್, ಬಣ್ಣ, ಥಿನ್ನರ್ ಪ್ರತ್ಯೇಕಿಸುವುದು. ಇವಕ್ಕೆ ಶಿಸ್ತು ಬೇಕು, ದುಡ್ಡು ಕಡಿಮೆ. ಎರಡನೆಯ ಹಂತದಲ್ಲಿ ತಲೆ ಬದಲಿಸಬಹುದು. ಆಗ ಹೇಳಿದ 144 ಲೀಟರಿಗೆ 80ರ ಗುಣಾಂಕದ ತಲೆಗೆ 3.24 ಬಾರ್ ಬೇಕಿತ್ತಲ್ಲ, 160ರ ಗುಣಾಂಕದ ದೊಡ್ಡ ಬಾಯಿಯ ತಲೆಗೆ 0.81 ಬಾರ್ ಸಾಕು. ಪೈಪಿನ ಘರ್ಷಣೆಯ ಲೆಕ್ಕ ಆಗಲೂ ಬಿಡುವುದಿಲ್ಲ, ಅದನ್ನು ಎಂಜಿನಿಯರ್ ಹಾಕಲೇಬೇಕು. ರ್ಯಾಕಿನೊಳಗೇ ಸ್ಪ್ರಿಂಕ್ಲರ್ ಹಾಕುವುದು ಮೂರನೆಯದು. ಪಂಪು, ತೊಟ್ಟಿ ಹೆಚ್ಚಿಸುವುದು ಕೊನೆಯದು.

ಪ್ರಶ್ನೆ: ಹಳೆ ಗಿರಣಿಯ ಶೆಡ್ಡಿಗೆ ಇಎಸ್‌ಎಫ್‌ಆರ್ ಹಾಕಿಬಿಟ್ಟರೆ ಎಲ್ಲ ಬಗೆಹರಿಯುತ್ತದಲ್ಲವೇ?

ಉತ್ತರ: ಅಲ್ಲಿ ಕಟ್ಟಡದ ಚರಿತ್ರೆಯೇ ಅಡ್ಡ ಬರುತ್ತದೆ. ಆ ತಲೆಗಳಿಗೆ ಛತ್ತಿನ ಇಳಿಜಾರು 12ಕ್ಕೆ 2ನ್ನು ಮೀರಬಾರದೆಂಬ ನಿಯಮವಿದೆ. ಇಳಿಜಾರು ಹೆಚ್ಚಾದರೆ ಬಿಸಿಗಾಳಿ ಜಾರಿಹೋಗಿ ಬೆಂಕಿಯಿಂದ ದೂರದ ತಲೆ ಮೊದಲು ತೆರೆಯಬಹುದು. ನೇಯ್ಗೆಯ ಶೆಡ್ಡುಗಳ ಛತ್ತು ಗರಗಸದ ಹಲ್ಲಿನಂತೆ ಇರುವುದನ್ನು ನೀವೆಲ್ಲ ನೋಡಿದ್ದೀರಿ. ನೇಕಾರನಿಗೆ ಬಿಸಿಲಿಲ್ಲದ ಬೆಳಕು ಬೇಕೆಂದು ಕಟ್ಟಿದ ಛತ್ತು ಅದು. ಅಂಥಲ್ಲಿ ಇದು ನೇರವಾಗಿ ನಡೆಯದು.

ಪ್ರಶ್ನೆ: ಕೊನೆಗೆ, ಇದರಲ್ಲಿ ಇತಿಹಾಸ ವಿಭಾಗದ ವಿದ್ಯಾರ್ಥಿ ಮಾಡಬಹುದಾದ ಕೆಲಸ ಯಾವುದು?

ಉತ್ತರ: ಎರಡು ಕೆಲಸ ನನಗೆ ಕಾಣುತ್ತವೆ. ಒಂದು, ಗಿರಣಿಗಳ ಹಳೆ ನಕ್ಷೆ, ವಿಮಾ ಪತ್ರ, ಪೈಪು ಖರೀದಿಯ ಬಿಲ್ಲು ಇಂಥವು ರದ್ದಿಗೆ ಹೋಗುವ ಮುನ್ನ ಉಳಿಸುವುದು. ನಾಳೆ ಆ ಕಟ್ಟಡದಲ್ಲಿ ಗೋದಾಮು ಮಾಡುವವನಿಗೆ ಅದೇ ಮೊದಲ ಆಧಾರ. ಎರಡು, ಹಮಾಲರು, ಜಾಬರ್‌ಗಳು, ಪಂಪ್ ಮನೆಯಲ್ಲಿ ದುಡಿದವರು ಇವರ ಮಾತನ್ನು ಕನ್ನಡದಲ್ಲೇ ಧ್ವನಿಮುದ್ರಿಸುವುದು. ಯಾವ ವರ್ಷ ಯಾವ ಸರಕು ಬಂತು, ಎಷ್ಟು ಎತ್ತರಕ್ಕೆ ಒಟ್ಟಿದರು, ಯಾವ ವಾಲ್ವನ್ನು ಯಾವಾಗ ಮುಚ್ಚಿದರು ಎಂಬುದು ಯಾವ ದಫ್ತರದಲ್ಲೂ ಸಿಗುವುದಿಲ್ಲ. ಅವರಲ್ಲಿ ಬಹಳ ಮಂದಿಗೆ ಈಗ ಎಪ್ಪತ್ತು ದಾಟಿದೆ. ಮುಂದಿನ ಸತ್ರ ಶುರುವಾಗುವ ಮೊದಲೇ ಸೊಲ್ಲಾಪುರದಿಂದ ಈ ಕೆಲಸ ಆರಂಭಿಸಬಹುದು. ಜೊತೆಗೆ ಬರುವವರು ಹೆಸರು ಕೊಡ್ರಿ.